ಗ್ವಾಡಿ ಮ್ಯಾಲಿನ ಅಕ್ಕಿ

ನಮ್ಮ ಕಾಕಾಗ ಮನುಷ್ಯಾರಕಿಂತ ಗ್ವಾಡಿ ಮ್ಯಾಲೆ ಪ್ರೀತಿ ಜಾಸ್ತಿ ಅಂದ್ರ ನೀವು ನಂಬೂದಿಲ್ಲ. ನನಗ ಕನ್ಯಾ ನೋಡಾಕ ಬ್ಯಾಡಗಿಗೆ ಹೋದಾಗ ಮನಿ ಹಿರ್ಯಾ ಅಂತ ಅವನ್ನೂ ಕರಕೊಂಡು ಹೋಗಿದ್ವಿ. ಹುಡುಗಿ ಬಂದಳು, ಅವಲಕ್ಕಿ ಕೊಟ್ಟಳು, ಒಳಗ ಹೋದಳು. ಕಾಕಾ ಆಕೀ ಮಾರಿ ನೋಡಲಿಲ್ಲ. ಆಕೀ ಹಿಂದಿನ ಗ್ವಾಡಿ ನೋಡಕೋತ ಕುಂತಿದ್ದ. ಹೊರಗ ಬಂದ ಮ್ಯಾಲೆ ನಮ್ಮವ್ವ, "ಹೆಂಗ ಅನಸ್ತು?" ಅಂತ ಕೇಳಿದ್ರ, "ಛಲೋ ಐತಿ. ಹನ್ನೆರಡು ಫೂಟು ಬಿಳೇ ಗ್ವಾಡಿ, ಒಂದು ಮೊಳೀ ಇಲ್ಲ, ಒಂದು ಕ್ಯಾಲೆಂಡರ್ ಇಲ್ಲ. ಇಂಥಾ ಮನಿ ಮತ್ತ ಸಿಗೂದಿಲ್ಲ, ಮಾಡ್ಕೊಂಡ ಬಿಡ್ರಿ" ಅಂದ. ಮಾಡ್ಕೊಂಡೆ. ಗ್ವಾಡಿ ವಿಷಯದಾಗ ಅಂವ ಹೇಳಿದ್ದು ಖರೇ ಇತ್ತು, ಉಳಿದದ್ದು ನನ್ನ ಹಣೇಬರಹ.

ಈ ಗ್ವಾಡಿ ಹುಚ್ಚಿಗೆ ಕಾರಣ ಒಂದು ಮಿಶಿನ್. ಆ ಮಿಶಿನ್ ಅವನ ಕೈ ತಪ್ಪಾಕ ಕಾರಣ ನಾನು. ಇದನ್ನ ಮೊದಲ ಹೇಳಿಬಿಡತೇನಿ, ಯಾಕಂದ್ರ ಮಂದೀನ್ನ ನಗಸಕೋತ ಹೋಗಿ ಮುಖ್ಯ ಮಾತು ಮರತುಬಿಡೂ ಚಟ ನನಗೈತಿ.

ಕಾಕಾ ಅಂದ್ರ ನಮ್ಮಪ್ಪನ ತಮ್ಮ. ರಾಣೆಬೆನ್ನೂರಾಗ ಒಂದು ಬೀಜದ ಕಂಪನಿಯೊಳಗ ಅವಂಗ ನೌಕರಿ. ನನಗೂ ಅಲ್ಲೇ ಕಾರಕೂನಕಿ ಕೊಡಿಸಿದವ ಅವನ. ಹಳ್ಳಿಗೆ ಹೋಗಿ ರೈತರಿಗೆ ಹತ್ತಿ ಗಿಡದ ಚಾರ್ಟ್ ತೋರಸೂದು ಅವನ ಕೆಲಸ. ತೊಂಬತ್ತರ ದಶಕ ಇನ್ನೇನು ಮುಗೀಬೇಕು ಅನ್ನೂ ಹೊತ್ತಿನ್ಯಾಗ ಕಂಪನಿಯವರು ಮುಂಬೈಯಿಂದ ಒಂದು ಡಿಜಿಟಲ್ ಪ್ರೊಜೆಕ್ಟರ್ ತರಿಸಿದ್ರು. ಸೂಟ್‌ಕೇಸಿನಷ್ಟು ದೊಡ್ಡದು, ಮುಂದ ಒಂದು ಕಣ್ಣು. "ಇದನ್ನ ಯಾರ ಕೈಗೆ ಕೊಡೂದು?" ಅಂತ ಸಾಹೇಬ್ರು ಕೇಳಿದಾಗ ಎಲ್ಲಾರೂ ಕೈ ಹಿಂದ ಕಟಗೊಂಡ್ರು. ಕಾಕಾ ಎದ್ದು ನಿಂತ.

ಅದರ ಜೋಡಿ ಬಂದ ಇಂಗ್ಲಿಷ್ ಪುಸ್ತಕಾನ್ನ ಡಿಕ್ಷನರಿ ಇಟಕೊಂಡು ಹದಿನೈದು ದಿನ ಓದಿದ. ಓದಿದ್ದರಾಗ ಒಂದ ಮಾತು ತಲ್ಯಾಗ ಉಳೀತು: ದೀಪ ಆರಿಸಿದ ಮ್ಯಾಲೆ ಒಳಗಿನ ಫ್ಯಾನ್ ತಾನಾಗೇ ನಿಲ್ಲೂತನಕ ವಾಯರ್ ಕೀಳಬಾರದು. ಊಟ ಬಿಟ್ಟಾನು, ಈ ನೇಮ ಬಿಡವಲ್ಲ.

ಮಿಶಿನ್ನಾ ಕಾಕೀ ಹಳೇ ಸೀರಿಯೊಳಗ ಸುತ್ತಿ, ತೊಡಿ ಮ್ಯಾಲೆ ಇಟಕೊಂಡು ಬಸ್ಸಿನ್ಯಾಗ ಕುಂದರತಿದ್ದ. ಕುಪ್ಪೇಲೂರ ಬಸ್ಸಿನ ಕಂಡಕ್ಟರ್ ಒಮ್ಮೆ, "ಯಜಮಾನ್ರ, ಕೂಸಿಗೆ ಎಷ್ಟು ವಯಸ್ಸು?" ಅಂದ. "ಇನ್ನೂ ಮೂರು ತಿಂಗಳು ರೀ" ಅಂದ ಕಾಕಾ. ಸುಳ್ಳಲ್ಲ, ಕಂಪನಿಗೆ ಬಂದು ಮೂರ ತಿಂಗಳಾಗಿತ್ತು.

ಅವತ್ತು ಕುಪ್ಪೇಲೂರಾಗ ಯಾವ ಗುಂಡಿ ಒತ್ತಿದ್ನೋ ಏನೋ, ಚಿತ್ರ ತಲಿಕೆಳಗಾಗಿ ಬಂತು. ಒಬ್ಬ ಮುದುಕ, "ತಮ್ಮಾ, ನಿಮ್ಮ ಬೀಜ ಹಾಕಿದ್ರ ಬೇರು ಮ್ಯಾಲೆ, ಹತ್ತಿ ಕೆಳಗ ಬಿಡತಾವೇನು?" ಅಂತ ಕೇಳಿದ. ಕಾಕಾ ಇದ್ದ ಗುಂಡಿ ಎಲ್ಲಾ ಒತ್ತಿ ನೋಡಿದ, ಚಿತ್ರ ಜಪ್ಪಯ್ಯ ಅನಲಿಲ್ಲ. ಕಡೀಕ ಎರಡು ಇಟ್ಟಂಗಿ ತರಿಸಿ, ಮಿಶಿನ್ನಾ ಅವುಗಳ ಮ್ಯಾಲೆ ಬೋರಲು ಮಲಗಿಸಿದ. ಹತ್ತಿ ಗಿಡ ನೆಟ್ಟಗ ನಿಂತಿತು. ಆ ಗುಂಡಿ ಅವಂಗ ಮುಂದೂ ಸಿಗಲಿಲ್ಲ. ಮಿಶಿನ್ ಅಲ್ಲಿಂದ ಬೋರಲಾಗೇ ದುಡೀತು. ಮೇಡ್ಲೇರ್ಯಾಗ ಚಿತ್ರ ವಾರಿಯಾಗಿ ಬಂದಾಗ ಇಟ್ಟಂಗಿ ಅಳ್ಳಾಡಸಬಾರದು ಅಂತ ರೈತರನ್ನೆಲ್ಲಾ ಎಡಕ್ಕ ವಾಲಿ ಕುಂದ್ರಿಸಿದ. ಪಾಪ, ತಾಸೊತ್ತು ಕುಂತರು.

ಬ್ಯಾಡಗಿ ಕತಿ ಮಾತ್ರ ಹೇಳಬಾರದು, ಆದ್ರೂ ಹೇಳತೇನಿ. ಮೆಣಸಿನಕಾಯಿ ಸುಗ್ಗಿ, ಅವತ್ತು ನಾನೂ ಕಾಕಾನ ಜೋಡಿ ಹೋಗಿದ್ದೆ. ಒಬ್ಬ ದಲಾಲರ ಗೋದಾಮಿನ ಒಳಗ ಗ್ವಾಡಿ ಬೆಳ್ಳಗ ಕಂಡಿದ್ದ ತಡ, "ಇಲ್ಲೇ ಆಗಲಿ" ಅಂದ ಕಾಕಾ. ಮೂರೂ ಕಡೆ ಮೆಣಸಿನಕಾಯಿ ಚೀಲ, ಬಾಗಲಾ ಕಿಡಕಿ ಬಂದ್. ಮಿಶಿನ್ ಹಚ್ಚಿದ. ಅದರ ಫ್ಯಾನು ಗೋದಾಮಿನ ಖಾರದ ಧೂಳೆಲ್ಲಾ ಒಳಗ ಎಳಕೊಂಡು, ಕಾದ ದೀಪದ ಮ್ಯಾಲೆ ಹಾಯಿಸಿ, ನಮ್ಮ ಮಾರಿಗೆ ಊದಾಕ ಹತ್ತಿತು. ಮೊದಲ ಒಬ್ಬ ಸೀನಿದ. ಆಮ್ಯಾಲೆ ಯಾರು ಸೀನತಾರ, ಯಾರು ಕೆಮ್ಮತಾರ, ಯಾರು ನಮ್ಮ ಹಿರೇರನ್ನ ಬೈತಾರ ತಿಳೀಲಿಲ್ಲ. ನೂರು ಮಂದಿ ಒಂದ ಬಾಗಲಾ ಹಾಯ್ದು ಹೊರಗ ಬಿದ್ವಿ. ಎಣಿಸಿ ನೋಡಿದ್ರ ಕಾಕಾ ಇಲ್ಲ.

ಹಣಿಕಿ ಹಾಕಿದೆ. ಹಸೀ ಟಾವೆಲ್ ಮಾರಿಗೆ ಸುತಗೊಂಡು ಮಿಶಿನ್ನಿನ ಬಾಜೂಕ ನಿಂತಾನ, ಕಣ್ಣಾಗ ನೀರು ಧಾರಾಳ ಸುರೀತಾವ. "ಕಾಕಾ, ವಾಯರ್ ಕಿತ್ತು ಬಾರೋ, ಸಾಯ್ತಿ" ಅಂದೆ. "ಫ್ಯಾನ್ ಇನ್ನೂ ನಿಂತಿಲ್ಲ" ಅಂದ. ಐದು ಮಿನೀಟು ನಿಂತ. ಬ್ಯಾಡಗಿ ಮಂದಿ ಇವತ್ತಿಗೂ ಅವನ್ನ ಕಂಡ್ರ ಮೂಗು ಮುಚ್ಚಿಕೋತಾರ.

ಇಂಥಾ ಕತಿ ನನ್ನ ಹಂತ್ಯಾಕ ಚೀಲಗಟ್ಟಲೇ ಇದ್ವು. ಆಫೀಸಿನ್ಯಾಗ ಚಾದ ಹೊತ್ತಿಗೆ ನಾನು ಬಾಯಿ ತಗದೆ ಅಂದ್ರ ಮಂದಿ ಕುರ್ಚಿ ಎಳಕೊಂಡು ಬರತಿದ್ರು. ಕಾಕಾನೂ ಮೂಲ್ಯಾಗ ಕುಂತು ನಗತಿದ್ದ. "ಇಟ್ಟಂಗಿ ಎರಡಲ್ಲಲೇ, ಮೂರು" ಅಂತ ತಿದ್ದತಿದ್ದ.

ಈಗ ಕಾಕೀ ಮಾತಿಗೆ ಬರತೇನಿ. ನಮ್ಮ ಬಳಗದಾಗ ಆಕೀ ಹೆಸರು ಹೋಗಿದ್ದು ಒಂದ ಕೆಲಸಕ್ಕ: ಅಕ್ಕಿ ಹಸನ ಮಾಡೂದು. ಆಕೀ ಕೈಯಾಗಿನ ಅಕ್ಕಿ ಕೇರೂ ಮರದಿಂದ ಒಂದು ಕಲ್ಲಿನ ಹರಳು ತಪ್ಪಿಸಿಕೊಂಡಿದ್ದಿಲ್ಲ. ಯಾರ ಮನ್ಯಾಗ ಮದುವಿ ಆದ್ರೂ ಅಕ್ಕೀ ಚೀಲ ಮೊದಲ ಆಕೀ ಮುಂದ ಬರತಿತ್ತು. ಉಣ್ಣೂ ಪಂಕ್ತಿಯೊಳಗ ಹೆಣ್ಣಮಕ್ಕಳು, "ಕಾಕಿ ನೋಡ್ಯಾಳ, ಕಣ್ಣ ಮುಚ್ಚಿ ಉಣ್ರಿ" ಅಂತಿದ್ರು. ಆಕಿಗೆ ಬಂಗಾರ ಇರಲಿಲ್ಲ, ಓದು ಇರಲಿಲ್ಲ, ಮಕ್ಕಳೂ ಆಗಲಿಲ್ಲ. ಈ ಒಂದು ಮಾತು ಇತ್ತು.

ಒಂದು ಐತವಾರ ಮುಂಜಾನೆ ಅವರ ಮನಿಗೆ ಹೋದೆ. ಕಿಡಕಿಗೆಲ್ಲಾ ಕಂಬಳಿ ಕಟ್ಟ್ಯಾರ, ಒಳಗ ಗವ್ವನ ಕತ್ತಲಿ. ನಡುಮನ್ಯಾಗ ಕಂಪನಿ ಮಿಶಿನ್ ಇಟ್ಟಂಗಿ ಮ್ಯಾಲೆ ಬೋರಲು ಮಲಗೇತಿ. ಅದರ ಬಾಜೂಕ ಮೂರು ಕಾಲಿನ ಮ್ಯಾಲೆ, ಮದುವಿ ವಿಡಿಯೋ ತಗಿಯೂ ನಮ್ಮ ಓಣಿ ಭಾಯಿಯ ಕ್ಯಾಮರಾ, ಕೆಳಗ ಮುಖ ಮಾಡಿ ನಿಂತೈತಿ. ಕ್ಯಾಮರಾದ ಕೆಳಗ ಒಂದು ಪರಾತದಾಗ ಅಕ್ಕಿ. ಗ್ವಾಡಿ ತುಂಬಾ ಅದ ಅಕ್ಕಿ, ಒಂದೊಂದು ಕಾಳು ಸೋರೀಕಾಯಿಯಷ್ಟು.

ಕಾಕಿ ಮಣೀ ಮ್ಯಾಲೆ ಕುಂತು, ಪರಾತ ನೋಡದ ಗ್ವಾಡಿ ನೋಡಕೋತ ಕೈ ಆಡಸತಿದ್ಲು. ಗ್ವಾಡಿ ಮ್ಯಾಲೆ ಆಕೀ ಕೈ ಹೊರಸಿನಷ್ಟು ದೊಡ್ಡದಾಗಿ ಬಂತು, ಹಸರ ಬಳೀ ಬಂಡೀ ಗಾಲಿ ಕಂಡಂಗ ಕಂಡ್ವು.

"ಅಗಾ ಅಲ್ಲಿ, ಬಲಕ್ಕ, ಕರ್ರಗ ಕುಂತೈತಿ" ಅಂದ ಕಾಕಾ.

"ನನಗ ಕಾಣತೈತಿ, ಸುಮ್ನ ಕುಂದರ್ರಿ" ಅಂದ್ಲು ಕಾಕಿ. ಎರಡು ಬೆರಳು ಗ್ವಾಡಿ ಮ್ಯಾಲೆ ಹೋಗಿ ಕುಂಬಳಕಾಯಿಯಂಥಾ ಹರಳನ್ನ ಹಿಡಿದ್ವು. ಆಮ್ಯಾಲೆ ಆಕಿ ತನ್ನ ಕೈಯನ್ನ ನೋಡಿದ್ಲು. ಹೊಳ್ಳಿಸಿ ಹೊಳ್ಳಿಸಿ ನೋಡಿದ್ಲು. "ನನ್ನ ಕೈ ಇಷ್ಟು ಮುಪ್ಪಾಗೈತೇನ್ರಿ?" ಅಂದ್ಲು.

"ಇಲ್ಲಬೇ, ಮಿಶಿನ್ ಹಂಗ ತೋರಸತೈತಿ" ಅಂದ ಕಾಕಾ. ಮಿಶಿನ್ ಮ್ಯಾಲೆ ಅಂವ ತಪ್ಪು ಹೊರಿಸಿದ್ದು ಅದ ಮೊದಲ ಸಲ.

ನಾನು ನಗಬೇಕೋ ಬ್ಯಾಡೋ ತಿಳೀದ ನಿಂತಿದ್ದೆ. ಕಾಕಾ ನನ್ನ ಹಿತ್ತಲಕ್ಕ ಕರಕೊಂಡು ಹೋದ. ವರ್ಷ ಆತಂತ, ಕಾಕೀ ಕಣ್ಣು ಮಸಕಾಗಿ. ಹುಬ್ಬಳ್ಳಿ ಡಾಕ್ಟರು ನೋಡಿ, ಇದು ಪೊರೆ ಅಲ್ಲ, ಕಣ್ಣಿನ ಹಿಂದಿನ ಪರದೆ ಸವದೈತಿ, ಚಶ್ಮಾ ಆಪರೇಶನ್ ಯಾವುದೂ ನಡಿಯೂದಿಲ್ಲ ಅಂದಿದ್ರಂತ. ಬ್ಯಾರೇ ಯಾರಾದ್ರೂ ಆಗಿದ್ರ ಅಲ್ಲೇ ಅತ್ತು ಬರತಿದ್ರು. ನಮ್ಮ ಕಾಕಾ ಪ್ರೊಜೆಕ್ಟರ್ ಮನಷ್ಯಾ. "ಪರದೆ ಸವದಿದ್ರ ಏನಾತು, ಚಿತ್ರ ದೊಡ್ಡದು ಮಾಡಿದ್ರ ಆತು" ಅಂತ ಬಸ್ಸಿನ್ಯಾಗ ಬರೂ ಮುಂದ ತಾನ ತೀರ್ಮಾನ ಮಾಡಿದ್ನಂತ. ಆ ಭಾಯಿ, "ಯಾರ ಮದುವಿಗೆ ಕಾಕಾ ಕ್ಯಾಮರಾ?" ಅಂತ ಕೇಳಿದ್ರ, "ಅಕ್ಕೀದು" ಅಂದಿದ್ನಂತ. ಐತವಾರಕ್ಕೊಮ್ಮೆ ಕುಂತು ಇಬ್ಬರೂ ವಾರದ ಅಕ್ಕಿ ಹಸನ ಮಾಡತಿದ್ರು.

"ಆಕೀ ಕಣ್ಣಿನ ಮಾತು ಹೊರಗ ಹೋಗಬಾರದು ನೋಡಪಾ" ಅಂದ ಕಾಕಾ. "ಹೋತಂದ್ರ ನಾಳೆ ಯಾರೂ ಆಕೀ ಮುಂದ ಅಕ್ಕಿ ತಂದು ಇಡೂದಿಲ್ಲ." ನಾನು ನಮ್ಮವ್ವನ ಆಣಿ ಮಾಡಿದೆ.

ಆಣಿ ಮುರೀಲಿಲ್ಲ ನಾನು. ಅದ ನನ್ನ ಸಂಕಟ.

ಎರಡು ತಿಂಗಳ ಮ್ಯಾಲೆ ಹಾವೇರಿಯೊಳಗ ಕಂಪನಿಯ ಡೀಲರ್‌ಗಳ ಸಭಾ. ಮುಂಬೈ ಸಾಹೇಬ್ರೂ ಬಂದಿದ್ರು, ಅವರೂ ಮೂಲ ನಮ್ಮ ಕಡೆಯವರ. ಕಾಕಾ ಸಭಾದ ಹಿಂದ ಟೇಬಲ್ ಮ್ಯಾಲೆ ಮಿಶಿನ್ ಹೂಡಾಕತ್ತಿದ್ದ. ಅವತ್ತು ಯಾವ ವಾಯರೋ ಸಡಲಾಗಿ ಚಿತ್ರ ಬರವಲ್ದು. ಮಂದಿ ಗುಜುಗುಜು ಅನ್ನಾಕ ಹತ್ತಿತು. ನಮ್ಮ ಸಾಹೇಬ್ರು ನನ್ನ ಕಡೆ ಹೊಳ್ಳಿ, "ಮಿಶಿನ್ ಚಾಲೂ ಆಗೂತನಕ ಏನರೆ ಹೇಳಿ ನಗಸ್ರಿ" ಅಂದ್ರು.

ವೇದಿಕಿ ಹತ್ತಿದೆ. ಕುಪ್ಪೇಲೂರ ಕತಿ ಹೇಳಿದೆ, ನಕ್ರು. ಬ್ಯಾಡಗಿ ಕತಿ ಹೇಳಿದೆ, ಟೇಬಲ್ ಬಡದು ನಕ್ರು. ಚಿತ್ರ ಇನ್ನೂ ಬಂದಿರಲಿಲ್ಲ. ಮಂದಿ ನಕ್ಕಷ್ಟೂ ನನ್ನ ನಾಲಿಗಿ ಉದ್ದ ಆತು. "ಇಷ್ಟಕ್ಕ ಏನಾತ್ರಿ? ನಮ್ಮ ಕಾಕಾ ಐತವಾರ ಕಂಪನಿ ಮಿಶಿನ್ ಮನಿಗೆ ಒಯ್ದು ಅಕ್ಕಿಗೆ ಸಿನಿಮಾ ತೋರಸತಾನ" ಅಂದೆ. ಅಕ್ಕಿ ಸೋರೀಕಾಯಿಯಾಗಿದ್ದು, ಹರಳು ಕುಂಬಳಕಾಯಿಯಾಗಿದ್ದು, ಕಿಡಕಿಗೆ ಕಂಬಳಿ ಕಟ್ಟಿದ್ದು, ಎಲ್ಲಾ ಹೇಳಿದೆ. ಕಣ್ಣಿನ ಮಾತೊಂದು ಎತ್ತಲಿಲ್ಲ. ಅದೊಂದು ತಗದ್ರ ಆ ಕತಿಯೊಳಗ ಉಳಿಯೂದು ಒಬ್ಬ ಹುಚ್ಚ.

ಅಷ್ಟರಾಗ ವಾಯರ್ ಕೂಡಿತು. ಮಿಶಿನ್ನಿನ ಬೆಳಕು ಸೀದಾ ನನ್ನ ಮಾರಿಗೆ ಬಿತ್ತು. ನನಗ ಯಾರೂ ಕಾಣಲಿಲ್ಲ, ಬರೇ ನಗಿ ಕೇಳಸತಿತ್ತು. ಪಕ್ಕಕ್ಕ ಸರದು ನೋಡಿದೆ. ಕಾಕಾ ಇಟ್ಟಂಗಿ ಮ್ಯಾಲೆ ಕೈ ಇಟಕೊಂಡು ನಿಂತಿದ್ದ. ನಗತಿರಲಿಲ್ಲ.

ಮುಂಬೈ ಸಾಹೇಬ್ರು ಕಣ್ಣು ಒರಸಿಕೋತ, "ಹೌದೇನ್ರಿ? ಅಕ್ಕಿ ಯಾಕ ತೋರಸತೀರಿ?" ಅಂತ ಅವನ್ನ ಕೇಳಿದ್ರು. ಒಂದು ಮಾತು ಹೇಳಿದ್ರ ಆ ಸಭಾ ತಲಿ ತಗ್ಗಸತಿತ್ತು. ಕಾಕಾ ನನ್ನ ಕಡೆ ನೋಡಿದ. ಆಮ್ಯಾಲೆ, "ಸುಮ್ನ ರೀ. ಹುಚ್ಚು" ಅಂದ. ಮಂದಿ ಮತ್ತ ನಕ್ರು.

ಸೋಮವಾರ ಮುಂಜಾನೆ ಮಿಶಿನ್ ಸಾಹೇಬ್ರ ಕಪಾಟಿನ್ಯಾಗ ಕುಂತಿತು. ಹಳ್ಳಿಗೆ ಒಯ್ಯೂ ದಿನ ಚೀಟಿ ಕೊಟ್ಟು ಒಯ್ಯೂದು, ಸಂಜೀಕ ತಂದು ಇಡೂದು. ಬೈಲಿಲ್ಲ, ದಂಡ ಹಾಕಲಿಲ್ಲ, ಕೀಲಿ ಹಾಕಿದ್ರು ಅಷ್ಟ. ನಾನು ಸಾಹೇಬ್ರ ಕೋಣಿಗೆ ಹೋಗಿ ಎರಡು ಮಾತು ಹೇಳಿದ್ರ ಆಗತಿತ್ತು. ಬಾಗಲತನಕ ಹೋದೆ, ಹೊಳ್ಳಿ ಬಂದೆ. ಆಣಿ ಐತಲ್ಲ ಅಂತ ನನಗ ನಾನ ಹೇಳಿಕೊಂಡೆ. ಖರೇ ಹೇಳಬೇಕಂದ್ರ ಅಂಜಿಕಿ. ವೇದಿಕಿ ಮ್ಯಾಲೆ ಅಷ್ಟು ಉದ್ದ ಆಗಿದ್ದ ನಾಲಿಗಿ ಅಲ್ಲಿ ಏಳಲಿಲ್ಲ. ಅದಕ್ಕ ನನಗ ನಾನ ಇವತ್ತಿಗೂ ಮಾಫಿ ಕೊಟ್ಟಿಲ್ಲ.

ಕಾಕಾನ ಹಂತ್ಯಾಕ ಹೋಗಿ, "ತಪ್ಪಾತು" ಅಂದೆ. ಅಂವ ವಾಯರ್ ಸುತ್ತಾಕತ್ತಿದ್ದ. "ಮಂದಿ ಭಾಳ ನಕ್ರು ಬಿಡು" ಅಂದ. ಕಾಕಿಗೆ ಮಿಶಿನ್ ಕೆಟ್ಟೈತಿ ಅಂತ ಹೇಳಿದ್ನಂತ. ಚಾದ ಹೊತ್ತಿಗೆ ನಾನು ಕತಿ ಹೇಳೂದನ್ನ ಬಿಟ್ಟೆ.

ಮುಂದ ಭಾಳ ದಿನ ಅವರ ಮನಿ ಕಡೆ ಹೋಗಲಿಲ್ಲ. ಕಡೀಕ ಕಾಕಿನ, "ಐತವಾರ ಊಟಕ್ಕ ಬಾ" ಅಂತ ಹೇಳಿ ಕಳಿಸಿದ್ಲು.

ತಾಟು ಹಾಕಿದ್ಲು, ಬೆರಳಿಲೇ ತಾಟಿನ ಅಂಚು ಹುಡುಕಿ ಅನ್ನ ಬಡಿಸಿದ್ಲು, ಸಾರು ಹಾಕಿದ್ಲು. ಕಾಕಾ ಉಣ್ಣೂದು ನೋಡಿ ನನಗ ಚಮತ್ಕಾರ ಅನಸ್ತು. ತುತ್ತಿಗೊಮ್ಮೆ ಸಪ್ಪಳಾ ಮಾಡಿ ಜಗಿಯೂ ಮನಷ್ಯಾ, ಅನ್ನ ಜಗೀದ ಗುಟುಕು ಗುಟುಕು ನುಂಗಾಕತ್ತಾನ. ಕಾಕಿ ಸವಟು ಹಿಡಕೊಂಡು ಬಾಗಲದಾಗ ನಿಂತಿದ್ಲು. ನಮ್ಮ ಕಡೆ ಕಣ್ಣು ಇರಲಿಲ್ಲ. ಕಿವಿ ಇತ್ತು. ನಮ್ಮ ಹಲ್ಲಿನ ಸಪ್ಪಳಾ ಕೇಳಕೋತ ನಿಂತಾಳ ಅಂತ ನನಗ ತಿಳಿಯೂದರಾಗ ನನ್ನ ಬಾಯಾಗ ಕಟಕ್ ಅಂತು.

ಕಾಕೀ ಕೈಯಾಗಿನ ಸವಟು ನಿಂತಿತು. "ಹರಳು ಬಂತೇನಪಾ?"

"ಇಲ್ಲ ಕಾಕಿ. ಹಪ್ಪಳ."

"ನಾ ಹಪ್ಪಳ ಮಾಡಿಲ್ಲಲ್ಲೋ" ಅಂದ್ಲು.

ಹರಳು ಇನ್ನೂ ನನ್ನ ಬಾಯಾಗ ಇತ್ತು. ಎದರಿಗೆ ಕಾಕಾ ತಲಿ ಎತ್ತಿ ನನ್ನ ನೋಡಿದ. ಹಾವೇರಿ ಸಭಾದ ಮ್ಯಾಲೆ ಅಂವ ನನ್ನ ಮಾರಿ ನೆಟ್ಟಗ ನೋಡಿದ್ದು ಅದ ಮೊದಲು.

"ನಾನ ಸುಟ್ಟು ಹಾಕೇನಿ ಅವಂಗ" ಅಂದ. "ತಡಿ, ಇನ್ನೊಂದು ಸುಡತೇನಿ." ಎಂಜಲ ಕೈಲೇ ಎದ್ದು ಒಳಗ ಹೋಗಿ, ಡಬ್ಬಿ ತಗದು, ಒಲೀ ಮ್ಯಾಲೆ ಎರಡು ಹಪ್ಪಳ ಸುಟ್ಟು ತಂದ. ಒಂದು ನನ್ನ ತಾಟಿನ್ಯಾಗ ಇಟ್ಟ. ಒಂದನ್ನ ತಾನು ಮುರದು, ಓಣಿಗೆಲ್ಲಾ ಕೇಳೂ ಹಂಗ ಕಟುಂ ಕಟುಂ ತಿಂದ.

ನಾನು ಹರಳು ನುಂಗಿದೆ.

ಕಾಕೀ ಮಾರಿ ಅರಳಿತು. ತಾಟಿನ ಅಂಚು ಹುಡುಕಿಕೋತ ಬಂದು, "ಹಂಗಾದ್ರ ಇನ್ನೊಂಚೂರು ಅನ್ನ ಹಾಕಲೇನು?" ಅಂದ್ಲು.

ಹೊಟ್ಟಿ ತುಂಬಿತ್ತು. "ಹಾಕು ಕಾಕಿ" ಅಂದೆ.