ಹಸುವಿಗೊಂದು ದೊಡ್ಡಕ್ಷರ

ದನಕ್ಕೆ ಓದು ಬರುವುದಿಲ್ಲ, ಅದರ ಬಗ್ಗೆ ಏನು ಬೇಕಾದರೂ ಬರೆಯಬಹುದು ಅಂದುಕೊಂಡವರು ಗಡಿಯಾಚೆ ಮಲಯಾಳ ಸೀಮೆಯ ಕಾಟ್ಟಿಕುಳಂ ಕಡೆಯ ದನದಾಸ್ಪತ್ರೆಯಲ್ಲಿ ಒಂದು ವಾರ ಟೈಪಿಸ್ಟಾಗಿ ಕೂತು ನೋಡಬೇಕು. ನಾನು ಕೂತದ್ದು, ತಿರುವಾಂಕೂರು ಕಡೆಯ ಜನ ಪಾತ್ರೆ, ಕೋಳಿ, ಮರಗೆಣಸಿನ ಕಡ್ಡಿ ಸಮೇತ ಬಂದು ಬಸ್ಸಿಳಿಯುತ್ತಿದ್ದ ವರ್ಷಗಳಲ್ಲಿ. ನಮ್ಮವರು ಅದಕ್ಕೂ ಮೊದಲೇ ಎಚ್.ಡಿ. ಕೋಟೆ ಕಡೆಯಿಂದ ಬಂದು ಗದ್ದೆ ಮಾಡಿಕೊಂಡವರು.

ಸರ್ಟಿಫಿಕೇಟೆಲ್ಲ ಇಂಗ್ಲಿಷಿನಲ್ಲಿ. ಕನ್ನಡಕ್ಕೂ ಮಲಯಾಳಕ್ಕೂ ಇಲ್ಲದ ದೊಡ್ಡಕ್ಷರ, ಸಣ್ಣಕ್ಷರದ ಜಾತಿಭೇದ ಅದಕ್ಕಿದೆ. ನಮ್ಮ ಡಾಕ್ಟರದು ಒಂದೇ ನಿಯಮ: “ತಳಿಯ ಹೆಸರು ಊರಿಂದಲೋ ದೇಶದಿಂದಲೋ ಬಂದಿದ್ದರೆ ದೊಡ್ಡಕ್ಷರ. ಮಿಕ್ಕಿದ್ದಕ್ಕೆಲ್ಲ ಸಣ್ಣದು.” ಹೇಳಲು ಸುಲಭ. ಎದುರಿಗೆ ಹಸುವಿನ ಯಜಮಾನ ನಿಂತಾಗಲೇ ಕಷ್ಟ.

ವರ್ಣನೆ ಇಲ್ಲದ ಹಸು

ಬಾವಲಿ ಕಡೆಯ ಗೌಡರೊಬ್ಬರು ಹಸುವಿಗೆ ಚುಚ್ಚುಮದ್ದು ಹಾಕಿಸಿ ಸರ್ಟಿಫಿಕೇಟು ಒಯ್ದವರು ಮಾರನೆಯ ದಿನ ತಿರುಗಿ ಬಂದರು. ಕೈಯಲ್ಲಿ ಎರಡು ಕಾಗದ. ಒಂದು ಅವರದು, ಇನ್ನೊಂದು ಪಕ್ಕದಲ್ಲಿ ಹೊಸದಾಗಿ ಮನೆ ಕಟ್ಟಿದ ತಿರುವಾಂಕೂರಿನವನದು. ಅಲ್ಲಿಂದ ಬಂದವರನ್ನೆಲ್ಲ ನಾವು ಚೇಟ್ಟ, ಅಂದರೆ ಅಣ್ಣ, ಅನ್ನುತ್ತಿದ್ದೆವು.

“ರೈಟ್ರೇ, ನನಗೆ ಇಂಗ್ಲಿಷು ಬರಲ್ಲ, ಆದ್ರೆ ಕಣ್ಣು ಕಾಣ್ತದೆ. ಚೇಟ್ಟನ ಹಸುವಿನ ಅಕ್ಷರ ಗರುಡಗಂಬದ ಹಾಗೆ ನಿಂತದೆ. ನನ್ನದು ಯಾಕೆ ಕುಕ್ಕರುಗಾಲಲ್ಲಿ ಕೂತದೆ?”

“ಅವರದು ಜರ್ಸಿ, ಗೌಡ್ರೇ. ಅದು ಊರಿನ ಹೆಸರು. ನಿಮ್ಮದು ನಾಡನ್, ಅಂದ್ರೆ ನಾಟಿ ಹಸು. ಅದಕ್ಕೆ ನಾನ್‌ಡಿಸ್ಕ್ರಿಪ್ಟ್ ಅಂತ ಸಣ್ಣಕ್ಷರದಲ್ಲಿ ಬರೀತಾರೆ.”

“ಹಂಗಂದ್ರೆ?”

“ಇಂಥದ್ದೇ ಅಂತ ವರ್ಣಿಸೋಕೆ ಆಗದ್ದು” ಅಂದುಬಿಟ್ಟೆ.

ಗೌಡರು ಬೆಂಚು ಎಳೆದು ನನ್ನೆದುರು ಕೂತರು. “ಯಾಕಾಗಲ್ಲ? ಬರ್ಕೊಳ್ಳಿ, ನಾನು ಹೇಳ್ತೀನಿ.”

ಕೊಂಬಿನಿಂದ ಶುರುವಾದ ವರ್ಣನೆ ಆಸ್ಪತ್ರೆ ಬಾಗಿಲು ಹಾಕುವ ಹೊತ್ತಿಗೆ ಇನ್ನೂ ಬೆನ್ನಿನ ಮೇಲೆಯೇ ಇತ್ತು.

ಬೆಳೆಯುವ ಅಕ್ಷರ

ತಿರುವಾಂಕೂರಿನ ಪಾಲಾ ಕಡೆಯಿಂದ ಬಂದು ಮೆಣಸಿನ ಬಳ್ಳಿ ಹಬ್ಬಿಸಿದ್ದ ಒಬ್ಬ ಚೇಟ್ಟ, ಬುಟ್ಟಿಯಲ್ಲಿ ನಾಯಿಮರಿ ತಂದ. “ಅಲ್ಸೇಷನ್ ಅಂತ ಬರೀರಿ ಸಾರ್.”

ಡಾಕ್ಟರು ಮರಿಯ ಜೋತ ಕಿವಿ ಎತ್ತಿ ನೋಡಿದರು. “ಇದರಲ್ಲಿ ಅಲ್ಸೇಷನ್ ಎಲ್ಲಿದೆ?”

“ಅಪ್ಪ ಎಸ್ಟೇಟ್ ಬಂಗ್ಲೆಯ ಅಲ್ಸೇಷನ್ನು. ಅಮ್ಮ ಮಾತ್ರ ನಮ್ಮ ಬೀದಿಯದು.”

ಹತ್ತು ನಿಮಿಷ ಚೌಕಾಶಿ ನಡೆದು, ಅಲ್ಸೇಷನ್ನೂ ಸೀಮೆಯೊಂದರಿಂದ ಬಂದ ಹೆಸರೇ ಆದರೂ, ಕೊನೆಗೆ ಡಾಕ್ಟರೇ ತಮ್ಮ ನಿಯಮ ಮುರಿದರು. “ಬೆರಕೆ ತಾನೇ, ಸಣ್ಣ ಎ ಹಾಕಿ ಅಲ್ಸೇಷನ್ ಅಂತ ಹೊಡಿ” ಎಂದರು. ಚೇಟ್ಟ ಬೇಜಾರಾಗುತ್ತಾನೆ ಅಂದುಕೊಂಡೆ. ಅವನ ಮುಖ ಅರಳಿತು.

“ಸಾಕು ಸಾರ್, ಈಗ ಸಣ್ಣದೇ ಇರಲಿ. ಮರಿ ತಾನೇ. ನಾಯಿ ದೊಡ್ಡದಾದಾಗ ಬರ್ತೀನಿ, ಅಕ್ಷರಾನೂ ದೊಡ್ಡದು ಮಾಡಿಕೊಡಿ.”

ಬ್ರೌನ್ ಎಲ್ಲಿ?

ಮಾನಂದವಾಡಿಯಲ್ಲಿ ದನಗಳ ಪ್ರದರ್ಶನ. ಪ್ರತಿ ದನದ ಮುಂದಿಡುವ ತಳಿಯ ಹಲಗೆ ಬರೆಯುವ ಕೆಲಸ ನನ್ನದು. ತಿರುನೆಲ್ಲಿ ದಾರಿಯ ನಮ್ಮ ಕಡೆಯ ಗಂಡ ಹೆಂಡತಿ, ಬೆಳಗಿನ ಮಂಜಿನಲ್ಲೇ ಹಸು ಹೊಡೆದುಕೊಂಡು ನಡೆದು ಬಂದಿದ್ದರು. ಸ್ವಿಸ್ ಬ್ರೌನ್ ಹೋರಿಗೆ ನಾಡನ್ ಹಸುವಿನಲ್ಲಿ ಹುಟ್ಟಿದ್ದು. ಹಾಲು ಕೊಡಗಟ್ಟಲೆ ಕೊಡುತ್ತಿತ್ತು. ಬಣ್ಣ ಮಾತ್ರ ಇದ್ದಿಲು. ಹಗ್ಗ ಹಿಡಿದು ನಿಂತ ಗಂಡನೂ ಬಣ್ಣದಲ್ಲಿ ಅದಕ್ಕೆ ಸರಿಜೋಡಿ.

ಡಾಕ್ಟರು ಹೇಳಿದ್ದರು: “ಸ್ವಿಸ್ ದೇಶ, ದೊಡ್ಡಕ್ಷರ. ಬ್ರೌನ್ ಬಣ್ಣ, ಸಣ್ಣಕ್ಷರ.” ಹಾಗೇ ಬರೆದೆ.

ತೀರ್ಪುಗಾರರು ಹಲಗೆ ಓದಿ, ಹಸು ನೋಡಿ, ಮತ್ತೆ ಹಲಗೆ ಓದಿದರು. “ಬ್ರೌನ್ ಅಂತ ಬರೆದಿದ್ದೀರಿ. ಹಸು ಕಪ್ಪು. ಸ್ಪರ್ಧೆಯ ಸಾಲಿಗೆ ಸೇರಿಸೋಕಾಗಲ್ಲ.”

ಹೆಂಡತಿಯ ಮುಖ ಬಾಡಿತು. ನಾನು ಬ್ರಷ್ಷು ಎತ್ತಿದೆ. “ತಪ್ಪಾಗಿದೆ ಸಾರ್. ಅದು ಬಣ್ಣ ಅಲ್ಲ, ಹೆಸರು. ದೊಡ್ಡಕ್ಷರ ಬರಬೇಕಿತ್ತು” ಎಂದು ಬಿ ದೊಡ್ಡದು ಮಾಡಿದೆ.

“ಅಕ್ಷರ ದೊಡ್ಡದಾದ್ರೆ ಹಸು ಕಂದು ಬಣ್ಣ ಆಗ್ತದೇನ್ರೀ?”

ಡಾಕ್ಟರು ಆಕಾಶ ನೋಡಿದರು. ಆಗ ಆ ಹೆಂಗಸು ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

“ಸಾರ್, ಹೆಸರಲ್ಲಿರೋ ಬಣ್ಣ ಮೈಯಲ್ಲೂ ಇರಬೇಕಾ?”

“ಮತ್ತೆ?”

“ನಮ್ಮ ಯಜಮಾನ್ರ ಹೆಸರು ನಾನು ಬಾಯಲ್ಲಿ ಹೇಳೋ ಹಾಗಿಲ್ಲ. ನೀವೇ ಕೇಳಿ.”

ತೀರ್ಪುಗಾರರು ಗಂಡನ ಕಡೆ ತಿರುಗಿದರು. ಆತ ತಲೆವಸ್ತ್ರ ತೆಗೆದು, ಹಲ್ಲಷ್ಟೇ ಬೆಳ್ಳಗೆ ಕಾಣುವ ಹಾಗೆ ನಕ್ಕು ಹೇಳಿದ:

“ಕೆಂಪಯ್ಯ, ಸಾರ್.”

ಹಸು ಸಾಲಿಗೆ ಸೇರಿತು.