ನೂರು ಹೆಜ್ಜೆಗೊಂದು ಗುಲಗಂಜಿ

ನಡೆಯುವುದರಲ್ಲಿ ತಪ್ಪು ಮಾಡಲು ಸಾಧ್ಯವೇ ಇಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ಎಡಗಾಲು, ಬಲಗಾಲು. ಮತ್ತೆ ಎಡಗಾಲು. ವರ್ಷ ತುಂಬಿದ ಕೂಸಿಗೂ ಬರುವ ವಿದ್ಯೆ. ಇಂಥ ವಿದ್ಯೆಯಿಂದ ಒಬ್ಬ ಮರ್ಯಾದಸ್ಥ ಅಕ್ಕಸಾಲಿಗನ ಕುತ್ತಿಗೆಗೆ ನೇಣು ಬರುವುದುಂಟೆ? ಬಂತು! ಈಗಲೂ ನೆನೆದರೆ ಕೈಯಲ್ಲಿರುವ ಚಿಮಟ ಕೆಳಗಿಟ್ಟು ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತೇನೆ. ಅದಕ್ಕೇ ಅವಸರ ಮಾಡದೆ, ಆದದ್ದನ್ನು ಆದ ಕ್ರಮದಲ್ಲೇ ಹೇಳುತ್ತೇನೆ.

ನನ್ನ ಹೆಸರು ವೀರಾಚಾರಿ. ಶ್ರೀರಂಗಪಟ್ಟಣದ ಕೋಟೆಯೊಳಗೆ ಅಕ್ಕಸಾಲಿಗರ ಬೀದಿಯಲ್ಲಿ ಮನೆ. ಬೆಳಗಿನಿಂದ ಸಂಜೆಯವರೆಗೆ ಮಣೆಯ ಮೇಲೆ ಕುಳಿತು ಊದುಕೊಳವೆ ಊದುವುದು ಕಸುಬು. ಹದಿನೈದು ವರ್ಷ ಹೀಗೆ ಕುಳಿತದ್ದರಿಂದ ನನಗೊಂದು ಹೊಟ್ಟೆ ಬಂದಿತ್ತು. ಬೀದಿಯಲ್ಲಿ ಅದಕ್ಕೆ ಗೌರವವೂ ಇತ್ತು. ಅಕ್ಕಸಾಲಿಗನಿಗೆ ಹೊಟ್ಟೆಯಿದ್ದರೆ ಕೆಲಸ ಚೆನ್ನಾಗಿ ನಡೆಯುತ್ತಿದೆ ಎಂದು ಅರ್ಥ. ಬಡಕಲು ಅಕ್ಕಸಾಲಿಗನ ಕೈಗೆ ಜನ ಚಿನ್ನ ಕೊಡಲು ಹೆದರುತ್ತಾರೆ!

ಈ ನೆಮ್ಮದಿಯನ್ನು ಕೆಡಿಸಿದವನು ಎದುರು ಮನೆಯ ಕಮ್ಮಾರ, ಮುದ್ದಾಚಾರಿ. ಅವನು ನನ್ನ ಹೆಂಡತಿ ಕಾಳಮ್ಮನಿಗೆ ಸೋದರತ್ತೆಯ ಮಗ. ಇಬ್ಬರೂ ಸಿಂಧಘಟ್ಟದವರು. ಸೋದರತ್ತೆಯ ಮಗನಿಗೇ ಹೆಣ್ಣು ಕೊಡುವುದು ನಮ್ಮಲ್ಲಿ ವಾಡಿಕೆ. ಜಾತಕ ಕೂಡಿಬರಲಿಲ್ಲವೆಂದು ಅವಳನ್ನು ನನಗೆ ಕೊಟ್ಟರು. ಅವಳು ಅವನನ್ನು "ಮುದ್ದು ಬಾವ" ಎಂದು ಕರೆಯುತ್ತಾಳೆ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದೆಂಬ ಕಟ್ಟಳೆ ಇರುವುದರಿಂದ ನನ್ನನ್ನು "ಇಕಾ" ಎನ್ನುತ್ತಾಳೆ. ಹೀಗಾಗಿ ನಮ್ಮ ಮನೆಯಲ್ಲಿ ದಿನಕ್ಕೆ ಇಪ್ಪತ್ತು ಸಲ "ಮುದ್ದು" ಎಂಬ ಶಬ್ದ ಕೇಳಿಸುತ್ತದೆ. ಒಂದೂ ನನ್ನ ಪಾಲಿನದಲ್ಲ! ತಪ್ಪು ಅವಳದಲ್ಲ, ಅವನಿಗೆ ಹೆಸರಿಟ್ಟವರದು ಎಂದು ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡಿದ್ದೆ.

ಒಂದು ದಿನ ಒರಳುಕಲ್ಲನ್ನು ಹಿತ್ತಿಲಿನಿಂದ ಒಳಗೆ ತರಬೇಕಾಯಿತು. ನಾನೂ ಪಕ್ಕದ ಮನೆಯ ಇಬ್ಬರೂ ಸೇರಿ ಎತ್ತಿದೆವು. ಕಲ್ಲು ಅಲ್ಲೇ ಇತ್ತು. ನನ್ನ ಸೊಂಟ ಮಾತ್ರ ಜಾಗ ಬಿಟ್ಟಿತು. ಆಗ ಮುದ್ದಾಚಾರಿ ಬಂದ. ಬಗ್ಗಿದ, ಎತ್ತಿದ, ಒಳಗಿಟ್ಟ. ಮಾತಾಡುತ್ತಲೇ ಎತ್ತಿದ! ಹಾಲಿನ ಹಸುವಿನ ವಿಚಾರ ಮಾತಾಡುತ್ತಿದ್ದ.

"ಅದೇನ್ ತೋಳು ಬಾವ ನಿಂದು!" ಎಂದಳು ಕಾಳಮ್ಮ. ಅವನು ಹೋದ ಮೇಲೆ ನನ್ನ ಕಡೆ ತಿರುಗಿ, "ಸುಮ್ಕೆ ಅಂದವ್ರಾ, ಅಕ್ಕಸಾಲಿ ನೂರು ಪೆಟ್ಟು, ಕಮ್ಮಾರನ ಒಂದು ಪೆಟ್ಟು ಅಂತ!" ಎಂದು ನಕ್ಕಳು.

ಕುಶಾಲಿಗೇ ನಕ್ಕಳು. ಆದರೆ ನನಗೆ ಅಂದು ಊಟ ಸೇರಲಿಲ್ಲ. ಎರಡನೆಯ ಮುದ್ದೆಯನ್ನು ಬಹಳ ಕಷ್ಟಪಟ್ಟು ತಿಂದೆ. ಇವಳ ಬಾಯಿಂದ ಒಂದು ಸಲವಾದರೂ, ಒಂದೇ ಸಲ, ಅಂಥ ಹೊಗಳಿಕೆಯ ಮಾತು ನನಗೂ ಬರಬೇಕು ಎಂದು ಅಂದೇ ತೀರ್ಮಾನಿಸಿದೆ.

ಗರಡಿಮನೆಗೆ ಹೋಗುವಂತಿರಲಿಲ್ಲ. ಅಲ್ಲಿ ಮುದ್ದಾಚಾರಿ ನಿತ್ಯ ಕಲ್ಲುಗುಂಡು ಎತ್ತುತ್ತಿದ್ದ. ಕೊನೆಗೆ ಬೀದಿಯ ಪಂಡಿತರನ್ನು ಗುಟ್ಟಾಗಿ ಕೇಳಿದೆ.

"ಮೈ ಗಟ್ಟಿಯಾಗ್ಬೇಕಾ? ಉಂಡ ಮೇಲೆ ನೂರೆಜ್ಜೆ ನಡಿಯಪ್ಪ, ಸಾಕು" ಎಂದರು.

ನೂರು ಹೆಜ್ಜೆಗೆ ಇಷ್ಟು ಗುಣವಾದರೆ ನಾಲ್ಕು ಸಾವಿರಕ್ಕೆ ನಲವತ್ತು ಪಾಲು ಗುಣ. ಅಕ್ಕಸಾಲಿಗನ ಲೆಕ್ಕ ತಪ್ಪುವುದಿಲ್ಲ.

ಮೊದಲ ದಿನ ಬೆಳಿಗ್ಗೆ ಬೀದಿಯಲ್ಲಿ ಬೀಸಾಗಿ ನಡೆದೆ. ಹತ್ತು ಮನೆ ದಾಟುವುದರೊಳಗೆ ಹೆಂಗಸರು ಹೊರಗೆ ಬಂದರು. "ಯಾರ್ ಓಗ್ಬುಟ್ರು, ಈರಣ್ಣ?" ಯಾರೂ ಸತ್ತಿಲ್ಲವೆಂದೆ. "ಮತ್ತೆ ಯಾರ್ಗೆ ಎರಿಗೆ ನೋವು?" ಯಾರಿಗೂ ಇಲ್ಲವೆಂದೆ. "ಮತ್ಯಾಕಪ್ಪ ನಡೀತಿದೀಯ?" ನಾನು ಬಂದ ದಾರಿಯಲ್ಲೇ ಮನೆಗೆ ತಿರುಗಿದೆ, ನಿಧಾನವಾಗಿ. ನಮ್ಮೂರಿನಲ್ಲಿ ಸಾವು, ಹೆರಿಗೆ ಎರಡೂ ಇಲ್ಲದೆ ಯಾರೂ ಬೀಸಾಗಿ ನಡೆಯುವುದಿಲ್ಲ. ಸುಮ್ಮನೆ ಮೈ ದಣಿಸುವವರು ಹಿರೋಡೆಯ ಬಂಡೆಯ ಬಳಿ ಬೀಡುಬಿಟ್ಟಿದ್ದ, ನಮ್ಮ ಸುಲ್ತಾನರ ಚಾಕರಿಯ ಫ್ರೆಂಚ್ ಸಿಪಾಯಿಗಳು ಮಾತ್ರ. ಯಾರೂ ಅಟ್ಟಿಸಿಕೊಂಡು ಬರದಿದ್ದರೂ ಅವರು ಓಡುತ್ತಾರಂತೆ!

ಎರಡನೆಯ ದಿನ ನೆಪಕ್ಕೆ ಕೈಯಲ್ಲೊಂದು ಚೊಂಬು ಹಿಡಿದು ನಡೆದೆ. ಇದು ಮೊದಲಿಗಿಂತ ದೊಡ್ಡ ತಪ್ಪು. ಚೊಂಬು ಹಿಡಿದು ಬೀಸಾಗಿ ಹೋಗುವವನನ್ನು ಯಾರೂ ತಡೆಯಲಿಲ್ಲ, ನಿಜ. ದಾರಿ ಬಿಟ್ಟರು! ಆದರೆ ನಾನು ಮೂರು ಸಲ ಹೋಗಿ ಮೂರು ಸಲ ಬಂದದ್ದನ್ನು ಎಣಿಸಿದ್ದರು. ಸಂಜೆಗೆ ನಾಲ್ಕು ಮನೆಗಳಿಂದ ದಾಳಿಂಬೆ ಸಿಪ್ಪೆಯ ಕಷಾಯ ಬಂತು. "ನಂಗ್ಯಾಕ್ ಏಳ್ನಿಲ್ಲ ಒಟ್ಟೆ ಕೆಟ್ಟದೆ ಅಂತ?" ಎಂದು ಕಾಳಮ್ಮ ಕಣ್ಣೀರು ಹಾಕಿ ನಾಲ್ಕನ್ನೂ ಕುಡಿಸಿದಳು. ಮುಂದಿನ ಮೂರು ದಿನ ಚೊಂಬಿನ ಅಗತ್ಯವೇ ಬೀಳಲಿಲ್ಲ.

ಆದ್ದರಿಂದ ಜನರಿಲ್ಲದ ದಾರಿ ಹುಡುಕಿದೆ. ಕೋಟೆಗೋಡೆಯ ಒಳಮಗ್ಗುಲಿಗೆ ಒಂದು ಕಾಲುದಾರಿ. ಮಧ್ಯಾಹ್ನ ಉಂಡ ಮೇಲೆ ಅಲ್ಲಿ ನರಪಿಳ್ಳೆ ಇರುವುದಿಲ್ಲ. ಆನೆಬಾಗಿಲಿನಿಂದ ನೀರಿನ ಬಾಗಿಲಿನ ಕಡೆಗೆ ನಡೆಯಲು ಶುರುಮಾಡಿದೆ. ಎಲ್ಲೂ ಕೂರದೆ ಅಲ್ಲಿಗೆ ಮುಟ್ಟುವುದು ನನ್ನ ಗುರಿ. ಎಣಿಕೆ ತಪ್ಪಬಾರದೆಂದು ಒಂದು ಚೀಲದಲ್ಲಿ ನಲವತ್ತು ಗುಲಗಂಜಿ ಹಾಕಿಕೊಂಡೆ. ನೂರು ಹೆಜ್ಜೆಗೆ ಒಂದನ್ನು ತೆಗೆದು ಇನ್ನೊಂದು ಚೀಲಕ್ಕೆ ಹಾಕುವುದು. ಮುಂದೊಂದು ದಿನ ಕಾಳಮ್ಮನಿಗೆ ತೋರಿಸಲು ಪುರಾವೆ ಬೇಕಲ್ಲ? ಅದಕ್ಕೆ ಮಡಿಸಿಡುವ ಕರಿ ಬಟ್ಟೆಯ ಒಂದು ಕಡತ, ಬರೆಯಲು ಬಳಪ. ದಾರಿಯಲ್ಲಿ ನನಗೆ ಎಲ್ಲೆಲ್ಲಿ ಏನೇನಾಯಿತು ಎಂದು ನಿತ್ಯ ಬರೆದಿಟ್ಟೆ.

ಹದಿಮೂರನೆಯ ದಿನ ನನ್ನನ್ನು ಹಿಡಿದರು.

ಹಿಡಿದವನು ಕಿರಂಗೂರಿನ ಕೆಂಚ, ಮೂರನೆಯ ಬುರುಜಿನ ಪಹರೆಯವನು. ಇಂಗ್ಲಿಷರ ದಂಡು ಕೋಟೆ ಮುತ್ತಿ ಹಿಂತಿರುಗಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಎಲ್ಲೆಲ್ಲೂ ಬೇಹುಗಾರರ ಭಯ. ಹಿಂದಿನ ವಾರವಷ್ಟೇ ಒಬ್ಬನನ್ನು ನೇಣಿಗೆ ಹಾಕಿದ್ದರು.

"ತೊಂಬತ್ತೆಂಟು, ತೊಂಬತ್ತೊಂಬತ್ತು..." ಎನ್ನುತ್ತಿದ್ದವನ ಕುತ್ತಿಗೆಗೆ ಕೈ ಹಾಕಿ, "ಏನ್ಲಾ ಅಳೀತಿದೀಯ?" ಎಂದ.

"ನೂರು" ಎಂದೆ. ಎಣಿಕೆ ಅರ್ಧಕ್ಕೆ ನಿಲ್ಲಿಸುವ ಅಭ್ಯಾಸ ನನಗಿಲ್ಲ.

ಚಾವಡಿಗೆ ಎಳೆದುಕೊಂಡು ಹೋದರು. ಅಲ್ಲಿ ಜಮಾದಾರ ಸಾಹೇಬರು ಕುಳಿತಿದ್ದರು. ಬಿಳಿ ಗಡ್ಡ, ಕೆಂಪು ಕಣ್ಣು. ಪಕ್ಕದಲ್ಲಿ ಗುಮಾಸ್ತ. ನನ್ನ ಎರಡೂ ಚೀಲ ಸುರಿದರು, ಗುಲಗಂಜಿ ಉರುಳಿದವು. ಗುಮಾಸ್ತ ಕಡತ ಬಿಡಿಸಿ ಗಟ್ಟಿಯಾಗಿ ಓದಿದ:

"ಆನೆಬಾಗಿಲಿನಿಂದ ಮೊದಲನೆಯ ಬುರುಜು, ಎಂಟುನೂರು ಹೆಜ್ಜೆ. ಎರಡನೆಯ ಬುರುಜು, ಇಲ್ಲಿ ಗೋಡೆ ತಗ್ಗು, ಹತ್ತಲು ಅನುಕೂಲ."

"ಹತ್ತಿ ಕೂರಲು ಸ್ವಾಮಿ, ಸುಸ್ತಾಗುತ್ತಿತ್ತು" ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

"ಮೂರನೆಯ ಬುರುಜು, ಪಹರೆಯವನು ನಿತ್ಯ ನಿದ್ದೆಯಲ್ಲಿರುತ್ತಾನೆ, ಭಯವಿಲ್ಲ."

ಕೆಂಚನ ಮುಖ ಬಿಳುಪೇರಿತು. "ಇವನ್ನ ಬುಡ್ಬಾರ್ದು ಸಾಹೇಬ್ರೆ! ಈಗ್ಲೇ ನೇಣ್ಗಾಕ್ಬುಡಿ!" ಎಂದ.

"ನೀರಿನ ಬಾಗಿಲು, ಇನ್ನೆಂಟು ದಿನದಲ್ಲಿ ಇದನ್ನು ಗೆಲ್ಲದೆ ಬಿಡುವುದಿಲ್ಲ."

ನನ್ನ ಅಕ್ಷರ ಎಷ್ಟು ಸ್ಫುಟವಾಗಿತ್ತೆಂದರೆ ಗುಮಾಸ್ತ ಒಂದು ಕಡೆಯೂ ತಡವರಿಸಲಿಲ್ಲ!

"ಅರೆ ಮಿಯಾ" ಎಂದರು ಜಮಾದಾರರು ನಿಧಾನವಾಗಿ. "ಇಪ್ಪತ್ತು ವರ್ಷ ಸಿಪಾಯಿಗಳನ್ನ ನಡಿಸಿದೀನಿ. ಹುಕುಂ ಇಲ್ದೆ ನಡಿಯೋ ಮನುಷ್ಯನ್ನ ಇನ್ನೂ ನೋಡಿಲ್ಲ. ಯಾಕ್ ನಡ್ದೆ?"

ನಿಜ ಹೇಳಿದರೆ ಅದು ಬೀದಿಗೆ ಗೊತ್ತಾಗುತ್ತದೆ. ಬೀದಿಗೆ ಗೊತ್ತಾದದ್ದು ಕಾಳಮ್ಮನಿಗೆ ಗೊತ್ತಾಗುತ್ತದೆ, ಮುದ್ದಾಚಾರಿಗೂ ಗೊತ್ತಾಗುತ್ತದೆ. "ಹರಕೆ ಸಾಹೇಬರೆ. ರಂಗನಾಥನಿಗೆ ದೂರದಿಂದ ಪ್ರದಕ್ಷಿಣೆ" ಎಂದುಬಿಟ್ಟೆ.

ಗುಮಾಸ್ತ ಕಡತದ ಮೇಲಿಂದ ನೋಡಿದ. "ಗುಡೀಲಿ ರಂಗನಾಥ ಮಲಗವ್ನೆ, ಸರಿ. ಕೆಂಚ ಮಲಗಿರೋದನ್ನ ಯಾಕ್ ಬರ್ಕೊಂಡೆ? ಅವನ್ಗೂ ಪ್ರದಕ್ಷಿಣೆಯಾ?"

ಅಷ್ಟರಲ್ಲಿ ಸುದ್ದಿ ಮುಟ್ಟಿ ಕಾಳಮ್ಮ ಓಡಿಬಂದಳು. ಹಿಂದೆಯೇ ಮುದ್ದಾಚಾರಿ. ಅವಳಿಗೆ ಏದುಸಿರು. ಅವನಿಗೆ ಏನೂ ಇಲ್ಲ. ಆ ಸ್ಥಿತಿಯಲ್ಲೂ ನಾನು ಅದನ್ನು ಗಮನಿಸಿದೆ.

"ಇವನ್ಯಾರಮ್ಮ?" ಎಂದ ಗುಮಾಸ್ತ.

"ನಮ್ಮನೆಯವ್ರು ಸ್ವಾಮಿ."

"ಹೆಸರು?"

ಕಾಳಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಳು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದಂತೆ. ಹೇಳದಿದ್ದರೆ ಅಂದು ಸಂಜೆಗೇ ಮುಗಿಯುತ್ತಿತ್ತು! "ದಕ್ಷನ ತಲೆ ಕಡಿದ ದೇವ್ರು ಅವ್ರಲ್ವಾ ಸ್ವಾಮಿ, ಅವ್ರ ಎಸ್ರಲ್ಲಿ ಮುಂದ್ಲುದ್ದು ಮಡಿಕಂಡು ಇಂದ್ಲುದ್ದು ತೆಗುದ್ಬುಡಿ."

"ವೀರಭದ್ರ. ಭದ್ರ ತೆಗೆದರೆ..." ಗುಮಾಸ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಸರಿ. ಭದ್ರವಿಲ್ಲದ ವೀರ. ಜೊತೇಲಿ ಬಂದಿರೋನು?"

"ಮುದ್ದು ಬಾವ!" ಎಂದಳು ಥಟ್ಟನೆ.

ಜಮಾದಾರರು ಅವಳನ್ನೇ ಕೇಳಿದರು, ನಾನೇಕೆ ನಡೆಯುತ್ತಿದ್ದೆ ಎಂದು. "ಒಟ್ಟೆ ಕೆಟ್ಟಿತ್ತು ಸ್ವಾಮಿ" ಎಂದಳು ಪಾಪ. ಹೊಟ್ಟೆ ಕೆಟ್ಟವನು ನಾಲ್ಕು ಸಾವಿರ ಹೆಜ್ಜೆ ಎಣಿಸುತ್ತಾನೆಯೇ ಎಂದು ಜಮಾದಾರರು ಕೆಂಚನಿಗೆ ಹಗ್ಗ ತರಲು ಹೇಳಿದರು. ಕೆಂಚ ಅಷ್ಟು ಚುರುಕಾಗಿ ಓಡಿದ್ದನ್ನು ಆ ಹದಿಮೂರು ದಿನಗಳಲ್ಲಿ ನಾನು ಕಂಡಿರಲಿಲ್ಲ.

ಹಗ್ಗ ಕಂಡಾಗ ನಾನು ಬಾಯಿ ಬಿಟ್ಟೆ. "ಹೊಟ್ಟೆಕಿಚ್ಚು ಸಾಹೇಬರೆ! ಈ ಕಮ್ಮಾರನ ತೋಳು ಕಂಡು ಹೊಟ್ಟೆಕಿಚ್ಚು! ಇವಳು ಅವನನ್ನು ಹೊಗಳುತ್ತಾಳೆ. ನನ್ನನ್ನೂ ಹೊಗಳಲಿ ಅಂತ ನಡೆದೆ. ಬೇರೇನೂ ಇಲ್ಲ!"

ಮುದ್ದಾಚಾರಿ ತನ್ನ ತೋಳುಗಳನ್ನು ತಪ್ಪು ಮಾಡಿದವನಂತೆ ಬೆನ್ನ ಹಿಂದೆ ಅಡಗಿಸಿಕೊಂಡ. ಅಡಗಲಿಲ್ಲ, ಅಷ್ಟು ದಪ್ಪ. ಕಾಳಮ್ಮ ನನ್ನನ್ನು ನೋಡುತ್ತಿದ್ದಳು. ನಾನು ನೆಲದ ಮೇಲಿನ ಗುಲಗಂಜಿ ಎಣಿಸಿದೆ. ಮೂವತ್ತೊಂಬತ್ತು. ಒಂದು ಕಡಿಮೆ ಇತ್ತು.

ಜಮಾದಾರರು ಗಡ್ಡ ಸವರಿಕೊಂಡರು. "ಬೇಹುಗಾರ ಆದ್ರೆ ಕಾಲಲ್ಲಿ ತಾಕತ್ ಇರ್ಬೇಕು. ನಮ್ಮ ಸುದ್ದಿ ಒಯ್ಯೋ ಹರಕಾರರು ಬೆಳಿಗ್ಗೆ ಹೊರಟ್ರೆ ಸಂಜೆಗೆ ನಾಗಮಂಗಲ ಮುಟ್ತಾರೆ. ಆ ಆಲದ ಮರ ಮುಟ್ಟಿ ಓಡಿ ಬಾ. ಓಡಿದ್ರೆ ಹಗ್ಗ. ಓಡೋಕಾಗ್ದಿದ್ರೆ ಮನೆ. ನಾಟಕ ಮಾತ್ರ ಆಡ್ಬೇಡ, ಎಷ್ಟೋ ಮೈಗಳ್ಳ ಸಿಪಾಯಿಗಳನ್ನ ನೋಡಿದೀನಿ, ನಂಗೆ ಗೊತ್ತಾಗುತ್ತೆ."

ಇಷ್ಟು ಸುಲಭದ ಪರೀಕ್ಷೆಯನ್ನು ದೇವರು ಯಾರಿಗೂ ಕೊಟ್ಟಿರಲಾರ. ಸೋತರೆ ಸಾಕು, ಬದುಕಿದೆ. ನಾನು ಕಚ್ಚೆ ಬಿಗಿದು ನಿಂತೆ. ಆಗ ಮುದ್ದಾಚಾರಿ, "ನಿದಾನ ಈರಣ್ಣ, ನಿದಾನವಾಗಿ ಓಡು, ಬಿದ್ಗಿದ್ದೀಯ" ಎಂದ. ಪ್ರೀತಿಯಿಂದಲೇ ಹೇಳಿದ. ತಿರುಗಿ ನೋಡಿದೆ. ಅವನೂ ಕಾಳಮ್ಮನೂ ಅಕ್ಕಪಕ್ಕ ನಿಂತಿದ್ದರು. ಜೋಡಿ ಚೆನ್ನಾಗಿತ್ತು!

ಅಷ್ಟೇ. ಹಗ್ಗ ಮರೆತುಹೋಯಿತು, ಜಮಾದಾರರು ಮರೆತುಹೋದರು. ತಲೆ ಹೋದರೆ ಹೋಗಲಿ, ಇವತ್ತು ಇವಳು ನೋಡಲಿ ಎಂದುಕೊಂಡೆ. ಹದಿಮೂರು ದಿನಗಳ ಸಾಧನೆಯನ್ನೆಲ್ಲಾ ಕಾಲಿಗೆ ತಂದುಕೊಂಡು, ಹುಟ್ಟಿದಾಗಿನಿಂದ ಓಡದಷ್ಟು ಜೋರಾಗಿ ಓಡಿದೆ.

ಇಪ್ಪತ್ಮೂರು ಹೆಜ್ಜೆ.

ಇಪ್ಪತ್ತನಾಲ್ಕನೆಯದಕ್ಕೆ ಎಡಗಾಲಿಗೆ ಬಲಗಾಲು ಸಿಕ್ಕಿತು. ಮೊದಲು ಹೊಟ್ಟೆ ನೆಲ ಮುಟ್ಟಿತು, ಆಮೇಲೆ ಉಳಿದ ನಾನು. ಏಳಲು ಎರಡು ಸಲ ನೋಡಿದೆ. ಮೂರನೆಯ ಸಲ ನೋಡಲಿಲ್ಲ.

ಜಮಾದಾರರು ಬಂದು ಬಗ್ಗಿ ನನ್ನ ಉಸಿರು ಕೇಳಿದರು. "ಇದು ನಾಟಕ ಅಲ್ಲ" ಎಂದರು ಗಂಭೀರವಾಗಿ. "ಇದು ಅಸಲಿ. ಮನೆಗೆ ಕರ್ಕೊಂಡ್ ಹೋಗಮ್ಮ." ಕೆಂಚನನ್ನು ಮಾತ್ರ ನಿಲ್ಲಲು ಹೇಳಿದರು.

ಮುದ್ದಾಚಾರಿ ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಮನೆಗೆ ತಂದ. ದಾರಿಯುದ್ದಕ್ಕೂ ಹಸುವಿನ ವಿಚಾರ ಮಾತಾಡಿದ. ಬೀದಿಯವರೆಲ್ಲಾ ನೋಡಿದರು.

ಅವನು ಹೋದ ಮೇಲೆ ಕಾಳಮ್ಮ ಮೊಣಕಾಲಿಗೆ ಅರಿಸಿನ ಹಚ್ಚಲು ಕುಳಿತಳು. ಅವಳ ಕಣ್ಣು ತುಂಬಿತ್ತು.

"ಇಕಾ, ಏನ್ ಬುದ್ವಂತ್ರು ನೀವು!" ಎಂದಳು. "ಬೇಕೂಂತ್ಲೇ ಬಿದ್ರಿ ಅಲ್ವಾ? ಅಷ್ಟು ಜೋರಾಗಿ ಓಡ್ದಂಗ್ ಮಾಡಿ, ಬಿದ್ದಂಗ್ ಮಾಡಿ, ಆ ಸಾಹೇಬ್ರನ್ನೇ ನಂಬಿಸ್ಬುಟ್ರಲ್ಲ! ಮುದ್ದು ಬಾವಂಗೆ ಸಾಯೋಗಂಟ ಇಂತ ಬುದ್ದಿ ಬರಾಕಿಲ್ಲ. ನೀವು ಉಳ್ಕಂಡ್ರಿ, ನನ್ ತಾಳಿ ಉಳಿಸಿದ್ರಿ."

ಮದುವೆಯಾದಾಗಿನಿಂದ ಕಾದಿದ್ದ ಮಾತು! ಅವಳು ಅಷ್ಟು ಬೆರಗಿನಿಂದ ನನ್ನನ್ನು ಎಂದೂ ನೋಡಿರಲಿಲ್ಲ.

ನಾನು "ಹೂಂ" ಎಂದೆ.

ಅಂದಿನಿಂದ ನನಗೆ ಮುದ್ದಾಚಾರಿಯ ಮೇಲೆ ಹೊಟ್ಟೆಕಿಚ್ಚಿಲ್ಲ. ಇರುವುದು ಬೇಕೆಂದೇ ಬಿದ್ದ ಆ ಬುದ್ಧಿವಂತನ ಮೇಲೆ. ಕಾಳಮ್ಮ ಅವನನ್ನು ದಿನವೂ ಹೊಗಳುತ್ತಾಳೆ.