ಮಾವನ ಹಂದಿಗೆ ಮಿಡತೆ ಹಿಟ್ಟು

ನಮ್ಮ ಸೋದರಮಾವನ ಮನೆಗೆ ಹೋಗುವವರಿಗೆ ನಾನೊಂದು ಮಾತು ಹೇಳುತ್ತಿದ್ದೆ: ಬಡಿಸಿದ್ದು ನಿಮಗೋ ಹಂದಿಗೋ, ಕೇಳಿಕೊಂಡು ಕೈ ಹಾಕಿ! ಭೀಮೆಯ ದಂಡೆಯ ಮಣ್ಣೂರಿನಲ್ಲಿ ಹಂದಿ ಸಾಕಿದ್ದ ಮಾವ, ತಾನು ತಿಂದು ನೋಡದೆ ಏನನ್ನೂ ಅವಕ್ಕೆ ಹಾಕಿದವನಲ್ಲ.

ಆಗ ಯುದ್ಧದ ಕಾಲ. ಮೈಗೆ ತಾಕತ್ತು ಕೊಡುವ ಶೇಂಗಾ ಹಿಂಡಿ ಎತ್ತುಗಳಿಗೇ ಸಾಲದು, ಹಂದಿಗೆಲ್ಲಿಂದ ಬರಬೇಕು? ಮಾವ ಹೊಳೆಯ ಸಣ್ಣ ಮೀನು ಹಿಡಿದು ಅಂಗಳದಲ್ಲಿ ಒಣಗಿಸಿದ. ಓಣಿಯ ಬೆಕ್ಕುಗಳೆಲ್ಲ ನೆಂಟರಾದವು! ಮಳೆ ಬಿದ್ದು ರೆಕ್ಕೆಯ ಗೆದ್ದಲು ಎದ್ದಾಗ ಅವನ್ನು ಹುರಿಯಲು ಅತ್ತೆಯ ರೊಟ್ಟಿ ಹಂಚಿಗೇ ಕೈ ಹಾಕಿದ.

"ಹಂಚು ಮುಟ್ಟೀರಿ ಅಂದ್ರ ನಾ ತವರಿಗೆ ಹೋಗ್ತೇನಿ ನೋಡ್ರಿ!"

"ಹೋಗಬೇ. ಹಂಚು ಇಟ್ಟು ಹೋಗು!"

ಆ ವರ್ಷ ಹಂದಿ ಮರಿ ಹಾಕಿತು, ಆದರೆ ಹಾಲೇ ಇಲ್ಲ. ಮರಿಗಳು ಬತ್ತಿದ ಮೊಲೆ ಜಗ್ಗಿ ಜಗ್ಗಿ ಸೋತು ಮಲಗಿದವು. ಅಷ್ಟರಲ್ಲಿ ಮಿಡತೆ ದಂಡು ಬಂತು. ಊರೆಲ್ಲ ಡಬ್ಬಿ ಬಡಿಯುತ್ತ ಹೊಲಕ್ಕೆ ಓಡಿದರೆ, ಮಾವ ನಗುತ್ತ ಚೀಲ ಹಿಡಿದು ಓಡಿದ!

"ಬೆಳಿ ಹಾಳಾಗಾಕತ್ತದ, ನಿನಗ ನಗಿ ಬರ್ತದೇನಲೇ?" ಎಂದು ಬಾಜೂ ಹೊಲದವ ಕೂಗಿದ.

"ನನ್ನ ಬೆಳಿನೂ ತಿಂದಾವಲೇ. ಅದಕ್ಕ ಹಿಡಿಯಾಕತ್ತೇನಿ!"

ಕಾಲು, ರೆಕ್ಕೆ ಕಿತ್ತು, ಹುರಿದು, ಕುಟ್ಟಿ, ಜೋಳದ ನುಚ್ಚಿಗೆ ಬೆರೆಸಿದ. ಮೊದಲ ಹಿಡಿ ತನಗೆ. ಮರುದಿನ ಬೆಳಿಗ್ಗೆ ನೋಡಿದರೆ ಮಾವನಿಗೆ ವಾಂತಿ, ಜ್ವರ! ಅಫಜಲಪುರದಿಂದ ವೈದ್ಯರನ್ನು ಗಾಡಿಯಲ್ಲಿ ಕರೆತಂದೆವು.

"ಏನು ತಿಂದಾರ?"

"ಮಿಡತಿ ಹಿಟ್ಟು."

"ಮತ್ತ?"

"ಹಸಿ ಶೇಂಗಾ, ಹುಳಿ ಮಜ್ಜಿಗಿ, ನಿನ್ನಿನ ಮೀನಿನ ಸಾರು..."

"ಹಂಗಾದ್ರ ಪಾಪ, ಮಿಡತಿದೇನು ತಪ್ಪಿಲ್ಲ ಬಿಡ್ರಿ!" ಎಂದು ಅವರು ಔಷಧಿ ಅರೆದುಕೊಟ್ಟರು.

ಜ್ವರ ಬಿಟ್ಟ ಮುಂಜಾನೆ ಮಾವ ಕಣ್ಣು ತೆರೆದು ಕೇಳಿದ್ದು ಒಂದೇ: "ಹಂದಿ?" ಹೇಳಲು ಅತ್ತೆ ಮನೆಯಲ್ಲಿರಲಿಲ್ಲ. ನನ್ನ ಹೆಗಲು ಹಿಡಿದು, ಕಾಲೆಳೆಯುತ್ತ ಹಿತ್ತಲಿಗೆ ಬಂದ.

ಹಂದಿ ಆರಾಮಾಗಿ ಮಲಗಿತ್ತು. ಮರಿಗಳು ಒಂದರ ಮೇಲೊಂದು ಬಿದ್ದು, ಬಾಯಿ ತುಂಬ ನೊರೆ ಮಾಡಿಕೊಂಡು ಹಾಲು ಕುಡಿಯುತ್ತಿದ್ದವು. ಮಾವ ಗೋಡೆಗೊರಗಿ ಉಸಿರು ಬಿಟ್ಟ. ಹಂದಿಗೂಡಿನತ್ತ ಎಂದೂ ಹಾಯದ ಅತ್ತೆ ಕೆಸರಲ್ಲೇ ಕೂತು, ಎಲ್ಲಕ್ಕಿಂತ ಸಣ್ಣ ಮರಿಯನ್ನು ಹಂದಿಯ ಮೊಲೆಗೆ ಹಿಡಿದಿದ್ದಳು. ಪಕ್ಕದಲ್ಲಿ ಮಿಡತೆ ಹಿಟ್ಟಿನ ಬೋಗುಣಿ.

"ನೀ ಹಾಕಿದೇನು?"

"ನೀವು ಮಲಗಿದ್ರ ಇವು ಉಪಾಸ ಸಾಯಬೇಕೇನ್ರಿ?" ಎಂದು ಗದರಿಸಿದವಳ ದನಿ ಅಲ್ಲೇ ಒಡೆಯಿತು. "ನೀವು ಏಳದೇ ಇದ್ದಿದ್ರ, ನಾ ಯಾರ ಜೋಡಿ ಜಗಳಾಡ್ಲಿ?"

ಮಾವ ಅವಳ ಪಕ್ಕಕ್ಕೆ ಕೆಸರಲ್ಲೇ ಕೂತು, ಧೋತರದ ಚುಂಗಿನಿಂದ ಅವಳ ಕಣ್ಣೊರೆಸಿದ.